ಚಂಚಲ ಮಗುವಿಗೆ ಬೇಕಾದುದು ಶಿಕ್ಷೆಯಲ್ಲ, ಪರಿಶೀಲನೆ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ: ಶಾಲಾ ಮಕ್ಕಳಲ್ಲಿ ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅದರ ಪರಿಶೀಲನೆ ಹಾಗೂ ಚಿಕಿತ್ಸೆ

ಪೀಠಿಕೆ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕಟ್ಟಡ, ಶೌಚಾಲಯ, ಬಿಸಿಯೂಟ, ಕುಡಿಯುವ ನೀರು ಮೊದಲಾದ ವಿಷಯಗಳು ಮುಗಿದ ಮೇಲೆ ಕೆಲವೊಮ್ಮೆ ಒಂದು ಮಗುವಿನ ಮಾತು ಬರುತ್ತದೆ. ಮೂರನೆಯ ತರಗತಿಯ ಒಬ್ಬ ಬಾಲಕನನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅವನು ಐದು ನಿಮಿಷವೂ ಕುಳಿತಲ್ಲಿ ಕೂರುವುದಿಲ್ಲ. ಪಕ್ಕದವರ ಪುಸ್ತಕ ಎಳೆಯುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ಬರೆಯಲು ಕೊಟ್ಟದ್ದನ್ನು ಅರ್ಧಕ್ಕೆ ಬಿಟ್ಟು ಕಿಟಕಿಯ ಬಳಿಗೆ ಓಡುತ್ತಾನೆ. ಶಿಕ್ಷಕರು ಬೇಸತ್ತಿದ್ದಾರೆ. ಬೇರೆ ಮಕ್ಕಳ ಪೋಷಕರು ದೂರುತ್ತಿದ್ದಾರೆ. ಮನೆಯಲ್ಲಿ ಹೊಡೆತ, ಶಾಲೆಯಲ್ಲಿ ಬೈಗುಳ. ಕೊನೆಗೆ ತಂದೆಗೆ, ವರ್ಗಾವಣೆ ಪತ್ರ ಪಡೆದು ಬೇರೆ ಕಡೆ ಸೇರಿಸುವುದು ಒಳ್ಳೆಯದು ಎಂಬ ಸಲಹೆ ಸಿಗುತ್ತದೆ.

ಅದೇ ತರಗತಿಯ ಹಿಂದಿನ ಸಾಲಿನಲ್ಲಿ ಒಬ್ಬ ಬಾಲಕಿ ಇದ್ದಾಳೆ. ಅವಳು ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಪಾಠ ನಡೆಯುವಾಗ ಅವಳ ಮನಸ್ಸು ಬೇರೆಲ್ಲೋ ಇರುತ್ತದೆ. ಪೆನ್ಸಿಲು, ಪುಸ್ತಕ ದಿನವೂ ಕಳೆಯುತ್ತವೆ. ಹೇಳಿದ ಮೂರು ಕೆಲಸಗಳಲ್ಲಿ ಒಂದು ಮಾತ್ರ ನೆನಪಿರುತ್ತದೆ. ಅವಳ ಬಗ್ಗೆ ಯಾವ ಸಭೆಯಲ್ಲಿಯೂ ದೂರು ಬರುವುದಿಲ್ಲ. ‘ಮಂದಬುದ್ಧಿ’ ಎಂಬ ಒಂದು ಮಾತಿನಲ್ಲಿ ಅವಳ ವಿಷಯ ಮುಗಿದುಹೋಗುತ್ತದೆ.

ಈ ಇಬ್ಬರಲ್ಲಿಯೂ ಒಂದೇ ತೊಂದರೆ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ತೀರ್ಮಾನಿಸುವುದು ಗ್ರಾಮ ಪಂಚಾಯತಿ ಸದಸ್ಯರ ಕೆಲಸವಲ್ಲ. ಆದರೆ ಈ ಮಕ್ಕಳು ಪೆಟ್ಟಿನಿಂದ ಪರಿಶೀಲನೆಯ ಕಡೆಗೆ, ಹಣೆಪಟ್ಟಿಯಿಂದ ಚಿಕಿತ್ಸೆಯ ಕಡೆಗೆ ಸಾಗುವಂತೆ ನೋಡಿಕೊಳ್ಳುವುದು ಸದಸ್ಯರ ಕೆಲಸವೇ ಆಗಿದೆ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಒದಗಿಸುವುದು ಈ ಪಾಠದ ಉದ್ದೇಶ.

1. ತೊಂದರೆಯ ಸ್ವರೂಪ

ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯನ್ನು ವೈದ್ಯರು ಸಂಕ್ಷಿಪ್ತವಾಗಿ ಎಡಿಎಚ್‌ಡಿ ಎಂದು ಕರೆಯುತ್ತಾರೆ. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಗಮನವನ್ನು ಒಂದೆಡೆ ನಿಲ್ಲಿಸುವ, ಮನಸ್ಸಿಗೆ ಬಂದದ್ದನ್ನು ತಡೆದು ಯೋಚಿಸುವ, ಕೆಲಸವನ್ನು ಕ್ರಮವಾಗಿ ಮುಗಿಸುವ ಶಕ್ತಿ ಈ ಮಕ್ಕಳಲ್ಲಿ ವಯಸ್ಸಿಗೆ ತಕ್ಕಷ್ಟು ಬೆಳೆದಿರುವುದಿಲ್ಲ. ಬುದ್ಧಿಶಕ್ತಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಚುರುಕು ಬುದ್ಧಿಯ ಮಗುವಿಗೂ ಈ ತೊಂದರೆ ಇರಬಹುದು.

ಲಕ್ಷಣಗಳು ಎರಡು ಗುಂಪುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಗಮನಕೊರತೆ: ಸಣ್ಣಪುಟ್ಟ ತಪ್ಪುಗಳು, ಹೇಳಿದ್ದನ್ನು ಕೇಳಿಸಿಕೊಳ್ಳದಂತೆ ಇರುವುದು, ಕೆಲಸವನ್ನು ಅರ್ಧಕ್ಕೆ ಬಿಡುವುದು, ವಸ್ತುಗಳನ್ನು ಕಳೆಯುವುದು, ದಿನನಿತ್ಯದ ಕೆಲಸಗಳನ್ನು ಮರೆಯುವುದು. ಎರಡನೆಯದು ಅತಿಚಟುವಟಿಕೆ ಮತ್ತು ದುಡುಕು: ಕೈಕಾಲು ಸುಮ್ಮನಿಡದಿರುವುದು, ಕೂರಬೇಕಾದಲ್ಲಿ ಎದ್ದು ಓಡಾಡುವುದು, ಮಿತಿಮೀರಿ ಮಾತನಾಡುವುದು, ಸರದಿ ಕಾಯಲಾಗದಿರುವುದು, ಇತರರ ಮಾತಿನ ನಡುವೆ ನುಗ್ಗುವುದು. ಕೆಲವು ಮಕ್ಕಳಲ್ಲಿ ಮೊದಲ ಗುಂಪು, ಕೆಲವರಲ್ಲಿ ಎರಡನೆಯದು, ಹಲವರಲ್ಲಿ ಎರಡೂ ಕೂಡಿರುತ್ತವೆ.

ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಪತ್ತೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಗದ್ದಲವಿಲ್ಲದ ಗಮನಕೊರತೆಯೇ ಹೆಚ್ಚಾಗಿ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟು. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಕ್ಕಳಲ್ಲಿ ಇದರ ಪ್ರಮಾಣ ಸುಮಾರು ಶೇ. 5 ಎಂದು ಕಂಡುಬಂದಿದೆ. ಅಂದರೆ 200 ಮಕ್ಕಳಿರುವ ಒಂದು ಶಾಲೆಯಲ್ಲಿ ಸುಮಾರು 10 ಮಕ್ಕಳು ಈ ಸ್ಥಿತಿಯಲ್ಲಿರುವ ಸಾಧ್ಯತೆ ಇದೆ. ಇದು ನಗರದ ಕಾಯಿಲೆಯೂ ಅಲ್ಲ, ಈ ಕಾಲದ ಕಲ್ಪನೆಯೂ ಅಲ್ಲ. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ನಿಲ್ಲದ ಸ್ಥಿತಿಯನ್ನು ವಿವರಿಸಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಸರಿಯಾಗಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಡಲಾಗದ ಮಕ್ಕಳ ಬಗ್ಗೆ ಉಪನ್ಯಾಸಗಳನ್ನು ನೀಡಿದ್ದರು.

2. ಕಾರಣಗಳು ಮತ್ತು ತಪ್ಪು ಕಲ್ಪನೆಗಳು

ಈ ತೊಂದರೆಯಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ಅನೇಕ ವೇಳೆ ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿಯೂ ಇಂತಹ ಸ್ವಭಾವ ಇರುತ್ತದೆ. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ತೂಕ ತೀರ ಕಡಿಮೆ ಇರುವುದು, ಗರ್ಭಾವಸ್ಥೆಯಲ್ಲಿ ತಂಬಾಕು ಮತ್ತು ಮದ್ಯದ ಸೇವನೆ, ಸೀಸದ ವಿಷ ದೇಹ ಸೇರುವುದು ಇವುಗಳೂ ಅಪಾಯವನ್ನು ಹೆಚ್ಚಿಸುವ ಅಂಶಗಳೆಂದು ಗುರುತಿಸಲಾಗಿದೆ.

ಗ್ರಾಮಗಳಲ್ಲಿ ಇದಕ್ಕೆ ಬೇರೆ ಬೇರೆ ಕಾರಣ ಹೇಳುವ ರೂಢಿ ಇದೆ. ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ, ಗಾಳಿ ಸೋಕಿದೆ, ಸಿಹಿ ಹೆಚ್ಚು ತಿಂದದ್ದರಿಂದ ಹೀಗಾಗಿದೆ ಎಂಬ ಮಾತುಗಳು ಕೇಳಿಬರುತ್ತವೆ. ಸಕ್ಕರೆಯಿಂದ ಮಕ್ಕಳ ಅತಿಚಟುವಟಿಕೆ ಉಂಟಾಗುವುದಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಮುದ್ದು ಮಾಡಿದ್ದರಿಂದ ಈ ತೊಂದರೆ ಹುಟ್ಟುವುದಿಲ್ಲ, ಹೊಡೆದದ್ದರಿಂದ ಹೋಗುವುದೂ ಇಲ್ಲ. ಮನೆಯ ವಾತಾವರಣದಿಂದ ಲಕ್ಷಣಗಳು ಹೆಚ್ಚುಕಡಿಮೆ ಆಗಬಹುದೇ ಹೊರತು ಅದನ್ನೇ ಮೂಲ ಕಾರಣವೆನ್ನಲಾಗದು. ಆದ್ದರಿಂದ ತಾಯಿಯನ್ನು ದೂಷಿಸುವುದನ್ನು ಮೊದಲು ನಿಲ್ಲಿಸಬೇಕು. ದೂಷಣೆಗೆ ಹೆದರಿದ ತಾಯಿ ಮಗುವನ್ನು ವೈದ್ಯರ ಬಳಿ ಕರೆದೊಯ್ಯಲು ಹಿಂಜರಿಯುತ್ತಾಳೆ. ಮನೆಯವರು ಹರಕೆ ಹೊತ್ತಿದ್ದರೆ, ತಾಯತ ಕಟ್ಟಿಸಿದ್ದರೆ ಅದರ ಬಗ್ಗೆ ವಾದಕ್ಕಿಳಿಯುವ ಅಗತ್ಯವಿಲ್ಲ. ಅದರ ಜೊತೆಗೆ ವೈದ್ಯರನ್ನೂ ಕಾಣುವಂತೆ ಒಪ್ಪಿಸಿದರೆ ಸಾಕು.

3. ಪರಿಶೀಲನೆಯ ಕ್ರಮ

ಈ ತೊಂದರೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ, ತಲೆಯ ಸ್ಕ್ಯಾನಿಂಗ್ ಕೂಡ ಇಲ್ಲ. ಹತ್ತು ನಿಮಿಷ ಮಗುವನ್ನು ನೋಡಿ ಹೇಳಿಬಿಡುವಂತಹ ಸಂಗತಿಯೂ ಇದಲ್ಲ. ಹೊಸ ಜಾಗದಲ್ಲಿ, ವೈದ್ಯರ ಎದುರಿನಲ್ಲಿ ಕೆಲವು ಮಕ್ಕಳು ಸುಮ್ಮನೆ ಕುಳಿತಿರುತ್ತಾರೆ. ಅದನ್ನು ಕಂಡು ತೊಂದರೆ ಇಲ್ಲವೆನ್ನುವುದೂ ತಪ್ಪಾಗುತ್ತದೆ. ಆದುದರಿಂದ ಮಗುವಿನ ಚರಿತ್ರೆಯನ್ನು ಹಲವರಿಂದ ಕೇಳಿ, ಹೋಲಿಸಿ, ತೂಗಿ ನೋಡಿಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಮಾನದಂಡಗಳನ್ನು ನಮ್ಮ ದೇಶದ ತಜ್ಞರೂ ಬಳಸುತ್ತಾರೆ. ಅದರ ಮುಖ್ಯ ಅಂಶಗಳು ಹೀಗಿವೆ:

ಅ) ಗಮನಕೊರತೆಯ 9 ಲಕ್ಷಣಗಳಲ್ಲಿ ಕನಿಷ್ಠ 6, ಅಥವಾ ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳಲ್ಲಿ ಕನಿಷ್ಠ 6 ಮಗುವಿನಲ್ಲಿ ಇರಬೇಕು. (17 ವರ್ಷ ತುಂಬಿದವರಿಗೆ 5 ಲಕ್ಷಣ ಸಾಕು.)

ಆ) ಅವು ಕನಿಷ್ಠ 6 ತಿಂಗಳಿನಿಂದ ಕಂಡುಬರುತ್ತಿರಬೇಕು ಮತ್ತು ವಯಸ್ಸಿಗೆ ಸಹಜವಾದುದಕ್ಕಿಂತ ಹೆಚ್ಚಾಗಿರಬೇಕು.

ಇ) ಹಲವು ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು.

ಈ) ಮನೆ, ಶಾಲೆ, ಆಟದ ಬಯಲು ಮೊದಲಾದವುಗಳಲ್ಲಿ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ಕಾಣಿಸಿಕೊಳ್ಳಬೇಕು.

ಉ) ಅವುಗಳಿಂದ ಮಗುವಿನ ಕಲಿಕೆಗೆ ಅಥವಾ ಇತರರೊಂದಿಗಿನ ಒಡನಾಟಕ್ಕೆ ನಿಜವಾದ ತೊಡಕು ಉಂಟಾಗುತ್ತಿರಬೇಕು.

ಊ) ಬೇರೊಂದು ಮಾನಸಿಕ ಸ್ಥಿತಿಯಿಂದ ಅವು ಉಂಟಾಗಿಲ್ಲವೆಂಬುದು ಖಚಿತವಾಗಬೇಕು.

ಇವುಗಳಲ್ಲಿ ನಾಲ್ಕನೆಯ ಅಂಶವನ್ನು ಸದಸ್ಯರು ವಿಶೇಷವಾಗಿ ನೆನಪಿನಲ್ಲಿಡಬೇಕು. ಶಾಲೆಯಲ್ಲಿ ಮಾತ್ರ ಚಂಚಲವಾಗಿದ್ದು ಮನೆಯಲ್ಲಿ, ಹೊಲದಲ್ಲಿ, ನೆಂಟರ ಮನೆಯಲ್ಲಿ ಸರಿಯಾಗಿರುವ ಮಗುವಿನ ಸಮಸ್ಯೆ ಶಾಲೆಯಲ್ಲಿಯೇ ಇರಬಹುದು. ಪಾಠ ಅರ್ಥವಾಗದಿರುವುದು, ಬೋಧನೆಯ ಭಾಷೆ ಮನೆಮಾತಾಗಿರದಿರುವುದು, ಯಾರೋ ಹೆದರಿಸುತ್ತಿರುವುದು ಇದಕ್ಕೆ ಕಾರಣವಾಗಿರಬಹುದು. ಮನೆಯಲ್ಲಿ ಮಾತ್ರ ಹಾಗಿದ್ದರೆ ಮನೆಯ ಕಲಹ, ಕುಡಿತ ಅಥವಾ ಹಿಂಸೆಯ ಕಡೆಗೆ ಗಮನ ಹರಿಸಬೇಕಾಗಬಹುದು. ಎರಡೂ ಕಡೆಯಿಂದ ಮಾಹಿತಿ ಬಾರದೆ ತೀರ್ಮಾನ ಸಲ್ಲದು.

ಈ ಮಾಹಿತಿಯನ್ನು ಸಂಗ್ರಹಿಸಲು ತಜ್ಞರು ಪ್ರಶ್ನಾವಳಿಗಳನ್ನು ಬಳಸುತ್ತಾರೆ. ವ್ಯಾಂಡರ್‌ಬಿಲ್ಟ್, ಕಾನರ್ಸ್ ಎಂಬ ಹೆಸರಿನ ಪ್ರಶ್ನಾವಳಿಗಳು ಪ್ರಚಲಿತವಾಗಿವೆ. ಪೋಷಕರಿಗೆ ಒಂದು, ಶಿಕ್ಷಕರಿಗೆ ಒಂದು ನಮೂನೆ ಇರುತ್ತದೆ. ಪ್ರತಿ ಲಕ್ಷಣವೂ ಎಷ್ಟು ಬಾರಿ ಕಾಣಿಸುತ್ತದೆ ಎಂಬುದನ್ನು ಅವರು ಗುರುತು ಮಾಡಬೇಕು. ಪ್ರಶ್ನಾವಳಿಯ ಅಂಕಗಳು ಒಂದು ಸುಳಿವು ಮಾತ್ರ. ಅವುಗಳಿಂದಲೇ ರೋಗನಿರ್ಣಯ ಆಗುವುದಿಲ್ಲ. ಗರ್ಭಾವಸ್ಥೆ, ಹೆರಿಗೆ, ಮಗು ನಡೆದ ಮತ್ತು ಮಾತನಾಡಿದ ವಯಸ್ಸು, ನಿದ್ರೆ, ಊಟ, ಕುಟುಂಬದ ಸ್ಥಿತಿ ಇವೆಲ್ಲವನ್ನೂ ಕೇಳಿದ ನಂತರವೇ ಮಕ್ಕಳ ತಜ್ಞರು ಅಥವಾ ಮನೋವೈದ್ಯರು ತಮ್ಮ ಅಭಿಪ್ರಾಯ ನೀಡುತ್ತಾರೆ.

ಪೀಠಿಕೆಯಲ್ಲಿ ಹೇಳಿದ ಬಾಲಕನ ವಿಷಯದಲ್ಲಿ ಶಿಕ್ಷಕರ ಮಾತು ಬಹಳ ಮುಖ್ಯವಾಗುತ್ತದೆ. ‘ಇವನದು ಬರೀ ತುಂಟತನ’ ಎಂಬ ಒಂದು ಸಾಲಿನಿಂದ ವೈದ್ಯರಿಗೆ ಉಪಯೋಗವಿಲ್ಲ. ಎರಡು ವಾರಗಳ ಕಾಲ, ಯಾವ ಪಾಠದ ವೇಳೆ, ಎಷ್ಟು ಬಾರಿ ಎದ್ದ, ಯಾವ ಕೆಲಸವನ್ನು ಪೂರ್ಣಗೊಳಿಸಿದ, ಯಾವಾಗ ಚೆನ್ನಾಗಿ ಕುಳಿತಿದ್ದ ಎಂದು ಬರೆದಿಟ್ಟ ಒಂದು ಪುಟ ಟಿಪ್ಪಣಿಯು ರೋಗನಿರ್ಣಯಕ್ಕೆ ದೊಡ್ಡ ನೆರವಾಗುತ್ತದೆ.

4. ಹೊರನೋಟಕ್ಕೆ ಒಂದೇ ರೀತಿ ಕಾಣುವ ಬೇರೆ ತೊಂದರೆಗಳು

ಪಾಠದ ಕಡೆ ಗಮನ ಕೊಡದ ಎಲ್ಲ ಮಕ್ಕಳಿಗೂ ಎಡಿಎಚ್‌ಡಿ ಇರುವುದಿಲ್ಲ. ಪರಿಶೀಲನೆಯ ಅರ್ಧ ಭಾಗವೇ ಬೇರೆ ಕಾರಣಗಳನ್ನು ಹುಡುಕುವುದಾಗಿದೆ. ಸದಸ್ಯರು ಈ ಪಟ್ಟಿಯನ್ನು ಗಮನಿಸಬೇಕು.

ದೃಷ್ಟಿ ಮತ್ತು ಶ್ರವಣ: ಕರಿಹಲಗೆ ಕಾಣಿಸದ ಮಗು ಅತ್ತಿತ್ತ ನೋಡುತ್ತದೆ. ಕಿವಿ ಸೋರುವ ಮಗುವಿಗೆ ಹೇಳಿದ್ದು ಅರ್ಧ ಕೇಳುತ್ತದೆ. ಇವೆರಡನ್ನೂ ಮೊದಲು ಪರೀಕ್ಷಿಸಬೇಕು.

ರಕ್ತಹೀನತೆ ಮತ್ತು ಹಸಿವು: ಬೆಳಿಗ್ಗೆ ಉಪಾಹಾರವಿಲ್ಲದೆ ಬಂದ ಮಗು ಮಧ್ಯಾಹ್ನದ ಊಟದವರೆಗೆ ಪಾಠದಲ್ಲಿ ಮನಸ್ಸಿಡುವುದು ಕಷ್ಟ. ಕಬ್ಬಿಣಾಂಶದ ಕೊರತೆಯಿಂದಲೂ ಗಮನ ಕುಗ್ಗುತ್ತದೆ. ಶಾಲೆಯಲ್ಲಿ ಕೊಡುವ ಜಂತುಹುಳು ನಿವಾರಕ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆ ಮಗುವಿಗೆ ತಲುಪಿದೆಯೇ ಎಂದು ವಿಚಾರಿಸಬೇಕು.

ನಿದ್ರೆ: ರಾತ್ರಿ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ ಮಗುವಿಗೆ ಮೂಗಿನ ಹಿಂಭಾಗದ ಗ್ರಂಥಿ ಊದಿರಬಹುದು. ನಿದ್ರೆ ಕೆಟ್ಟ ಮಗು ಹಗಲಿನಲ್ಲಿ ತೂಕಡಿಸುವ ಬದಲು ಸಿಡುಕುತ್ತಾ ಓಡಾಡುವುದೇ ಹೆಚ್ಚು. ತಡರಾತ್ರಿಯವರೆಗೆ ಮೊಬೈಲ್ ನೋಡುವ ಮಗುವಿನ ಸ್ಥಿತಿಯೂ ಇದೇ.

ಮೂರ್ಛೆಯ ಒಂದು ಬಗೆ: ಕೆಲವು ಮಕ್ಕಳು ದಿನದಲ್ಲಿ ಹಲವು ಬಾರಿ ಕೆಲವು ಸೆಕೆಂಡುಗಳ ಕಾಲ ಮಾತು ನಿಲ್ಲಿಸಿ ಶೂನ್ಯದೃಷ್ಟಿಯಿಂದ ನೋಡುತ್ತಾರೆ. ಕೂಗಿದರೂ ಮುಟ್ಟಿದರೂ ಆ ಕ್ಷಣದಲ್ಲಿ ಅವರಿಗೆ ತಿಳಿಯುವುದಿಲ್ಲ. ಇದು ಗಮನಕೊರತೆಯಲ್ಲ, ಮೂರ್ಛೆರೋಗ. ಇದಕ್ಕೆ ಬೇರೆ ಔಷಧವಿದೆ. ಹಿಂದಿನ ಸಾಲಿನ ಆ ಬಾಲಕಿಯ ವಿಷಯದಲ್ಲಿ ಇದನ್ನೂ ನೋಡಬೇಕಾಗುತ್ತದೆ.

ಕಲಿಕಾ ನ್ಯೂನತೆ ಮತ್ತು ಬೌದ್ಧಿಕ ನ್ಯೂನತೆ: ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಮಗು ಓದುವ ಹೊತ್ತಿನಲ್ಲಿ ತಪ್ಪಿಸಿಕೊಳ್ಳಲು ಹಾದಿ ಹುಡುಕುತ್ತದೆ. ಕಲಿಕಾ ನ್ಯೂನತೆಯು ಎಡಿಎಚ್‌ಡಿಯ ಜೊತೆಗೂ ಇರಬಹುದು. ಆಗ ಎರಡಕ್ಕೂ ಬೇರೆ ಬೇರೆ ನೆರವು ಬೇಕು.

ಭಯ, ದುಃಖ, ದೌರ್ಜನ್ಯ: ತಂದೆ ತಾಯಿಯ ಅಗಲಿಕೆ, ಸಾವು, ಲೈಂಗಿಕ ದೌರ್ಜನ್ಯ ಇವುಗಳಿಂದ ಮಗುವಿನ ನಡತೆ ಹಠಾತ್ತನೆ ಬದಲಾಗುತ್ತದೆ. ಮೊದಲು ಸರಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾಗಿದ್ದರೆ ಈ ದಿಕ್ಕಿನಲ್ಲಿ ಯೋಚಿಸಬೇಕು. ಮಕ್ಕಳ ಸಹಾಯವಾಣಿ 1098 ಇಂತಹ ಸಂದರ್ಭಕ್ಕಾಗಿಯೇ ಇದೆ.

ವಯಸ್ಸು: ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ತೀರ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹೆಸರು ಬೀಳುವ ಸಾಧ್ಯತೆ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತಿಳಿಸಿವೆ. ಹತ್ತು ತಿಂಗಳು ಚಿಕ್ಕದಾದ ಮಗುವನ್ನು ದೊಡ್ಡವರೊಂದಿಗೆ ಹೋಲಿಸುವಾಗ ಎಚ್ಚರ ಬೇಕು.

5. ಚಿಕಿತ್ಸೆ

ಚಿಕಿತ್ಸೆಗೆ ಮೂರು ಕಾಲುಗಳಿವೆ: ಪೋಷಕರಿಗೆ ತರಬೇತಿ, ತರಗತಿಯಲ್ಲಿ ಹೊಂದಾಣಿಕೆ, ಅಗತ್ಯವಿದ್ದಲ್ಲಿ ಔಷಧ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರ ತರಬೇತಿಯನ್ನೇ ನೀಡಬೇಕೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ತೊಂದರೆ ತೀವ್ರವಾಗಿದ್ದರೆ ಔಷಧವನ್ನೂ ತರಬೇತಿಯನ್ನೂ ಒಟ್ಟಿಗೆ ಬಳಸುತ್ತಾರೆ.

ಪೋಷಕರಿಗೆ ತರಬೇತಿ. ಮಗುವನ್ನು ತಿದ್ದುವ ಮೊದಲು ದೊಡ್ಡವರ ಮಾತಿನ ರೀತಿ ಬದಲಾಗಬೇಕು ಎಂಬುದು ಇದರ ತಿರುಳು. ದೂರದಿಂದ ಕೂಗದೆ ಹತ್ತಿರ ಬಂದು, ಕಣ್ಣು ಕೂಡಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ‘ಸರಿಯಾಗಿರು’ ಎಂಬ ಮಾತಿಗಿಂತ ‘ಚಪ್ಪಲಿಯನ್ನು ಬಾಗಿಲ ಬದಿಗೆ ಇಡು’ ಎಂಬ ಮಾತು ಮಗುವಿಗೆ ಅರ್ಥವಾಗುತ್ತದೆ. ಕೆಲಸ ಮಾಡಿದ ಕೂಡಲೇ ಮೆಚ್ಚುಗೆ ಸಿಗಬೇಕು. ಸಂಜೆ ಕೊಡುವ ಬಹುಮಾನಕ್ಕಾಗಿ ಬೆಳಿಗ್ಗೆಯಿಂದ ಕಾಯುವುದು ಈ ಮಕ್ಕಳಿಗೆ ಬಹಳ ಕಷ್ಟ. ಎದ್ದೇಳುವ, ಓದುವ, ಆಡುವ, ಮಲಗುವ ವೇಳೆ ದಿನವೂ ಒಂದೇ ಆಗಿದ್ದರೆ ಮಗುವಿಗೆ ಆಧಾರ ಸಿಗುತ್ತದೆ. ತಪ್ಪಿಗೆ ಶಿಕ್ಷೆ ಕೊಡಲೇಬೇಕಾದರೆ ಅದು ಸಣ್ಣದಾಗಿರಬೇಕು, ಮೊದಲೇ ತಿಳಿಸಿದ್ದಾಗಿರಬೇಕು, ಹೊಡೆತವಾಗಿರಬಾರದು.

ತರಗತಿಯಲ್ಲಿ ಹೊಂದಾಣಿಕೆ. ಇದಕ್ಕೆ ಹಣ ಬೇಡ. ಮಗುವನ್ನು ಕಿಟಕಿ ಬಾಗಿಲುಗಳಿಂದ ದೂರ, ಶಿಕ್ಷಕರ ಹತ್ತಿರದ ಸಾಲಿನಲ್ಲಿ, ಶಾಂತ ಸ್ವಭಾವದ ಸಹಪಾಠಿಯ ಪಕ್ಕದಲ್ಲಿ ಕೂರಿಸಬಹುದು. ಹತ್ತು ಲೆಕ್ಕಗಳನ್ನು ಒಮ್ಮೆಲೇ ಕೊಡುವ ಬದಲು ಎರಡೆರಡಾಗಿ ಕೊಡಬಹುದು. ಕರಿಹಲಗೆ ಒರೆಸುವುದು, ಪುಸ್ತಕ ಹಂಚುವುದು, ಗಿಡಗಳಿಗೆ ನೀರು ಹಾಕುವುದು ಮೊದಲಾದ ಓಡಾಟದ ಕೆಲಸಗಳನ್ನು ಪಾಠದ ನಡುವೆ ವಹಿಸಬಹುದು. ಆಟದ ಅವಧಿಯನ್ನು ಶಿಕ್ಷೆಯಾಗಿ ಕಸಿದುಕೊಳ್ಳುವುದು ತೀರ ತಪ್ಪು ಕ್ರಮ. ಮಗುವಿಗೆ ಅತ್ಯಗತ್ಯವಾದುದನ್ನೇ ಅದು ಕಸಿದುಕೊಳ್ಳುತ್ತದೆ. ಶಾಲೆ ಮತ್ತು ಮನೆಯ ನಡುವೆ ದಿನವೂ ಓಡಾಡುವ ಒಂದು ಚಿಕ್ಕ ಪುಸ್ತಕದಲ್ಲಿ ಅಂದು ಸರಿಯಾಗಿ ನಡೆದ ಒಂದೆರಡು ಸಂಗತಿಗಳನ್ನು ಶಿಕ್ಷಕರು ಬರೆದು ಕಳುಹಿಸುವ ಪದ್ಧತಿಯು ಬಹಳ ಫಲ ಕೊಡುತ್ತದೆ.

ಔಷಧ. ಮೀಥೈಲ್‌ಫೆನಿಡೇಟ್ ಎಂಬ ಔಷಧವು ಈ ತೊಂದರೆಗೆ ಹೆಚ್ಚು ಬಳಕೆಯಲ್ಲಿದೆ. 1944ರಲ್ಲಿ ಮೊದಲು ತಯಾರಾದ ಈ ಔಷಧದ ಗುಣದೋಷಗಳನ್ನು ವೈದ್ಯಲೋಕ ದೀರ್ಘಕಾಲದಿಂದ ಬಲ್ಲದು. ಇದು ಮಗುವಿಗೆ ಮಂಪರು ತರಿಸುವ ಔಷಧವಲ್ಲ. ಮೆದುಳಿನಲ್ಲಿ ಗಮನಕ್ಕೆ ಸಂಬಂಧಿಸಿದ ರಾಸಾಯನಿಕಗಳ ಕೆಲಸವನ್ನು ಇದು ಬಲಪಡಿಸುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ ಇರುತ್ತದೆ. ದೀರ್ಘಕಾಲ ಕೆಲಸ ಮಾಡುವ ಬಗೆಗಳೂ ಇವೆ. ಹಸಿವು ಕಡಿಮೆಯಾಗುವುದು, ನಿದ್ರೆ ತಡವಾಗುವುದು, ತಲೆನೋವು, ಹೊಟ್ಟೆನೋವು ಇದರ ಸಾಮಾನ್ಯ ಅಡ್ಡಪರಿಣಾಮಗಳು. ಆದ್ದರಿಂದ ಎತ್ತರ, ತೂಕ, ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಆಗಾಗ ಅಳೆಯಬೇಕು. ಮನೆತನದಲ್ಲಿ ಹೃದಯರೋಗ ಅಥವಾ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಸಂಭವಿಸಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಈ ಔಷಧವು ಮಾದಕ ಮತ್ತು ಮನೋಪರಿಣಾಮಿ ವಸ್ತುಗಳ 1985ರ ಕಾಯ್ದೆಯ ನಿಯಂತ್ರಣಕ್ಕೆ ಒಳಪಟ್ಟಿದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ, ಬೇರೆ ಮಗುವಿಗೆ ಕೊಡುವಂತಿಲ್ಲ. ಮಾತ್ರೆಗಳು ಮನೆಯ ಹಿರಿಯರ ಕೈಯಲ್ಲಿಯೇ ಇರಬೇಕು. ಈ ಔಷಧ ಹೊಂದದ ಮಕ್ಕಳಿಗೆ ಅಟೊಮಾಕ್ಸಿಟಿನ್ ಮೊದಲಾದ ಬೇರೆ ಔಷಧಗಳಿವೆ. ಅಟೊಮಾಕ್ಸಿಟಿನ್ ಫಲ ತೋರಲು ಕೆಲವು ವಾರಗಳು ಬೇಕಾಗುವುದರಿಂದ ಪೋಷಕರು ನಡುವೆಯೇ ಅದನ್ನು ನಿಲ್ಲಿಸಬಾರದು.

ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದ, 1999ರಲ್ಲಿ ಫಲಿತಾಂಶ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಇಲ್ಲಿ ನೆನಪಿಡತಕ್ಕದ್ದು. ಮುಖ್ಯ ಲಕ್ಷಣಗಳನ್ನು ತಗ್ಗಿಸುವಲ್ಲಿ ಎಚ್ಚರಿಕೆಯಿಂದ ನೀಡಿದ ಔಷಧವು ಕೇವಲ ವರ್ತನಾ ತರಬೇತಿಗಿಂತ ಹೆಚ್ಚು ಫಲ ನೀಡಿತು. ಎರಡನ್ನೂ ಕೂಡಿಸಿದಾಗ ಕಡಿಮೆ ಪ್ರಮಾಣದ ಔಷಧವೇ ಸಾಕಾಯಿತು. ಔಷಧವನ್ನು ಚೀಟಿ ಬರೆದು ಮರೆತುಬಿಡದೆ, ಪ್ರತಿ ತಿಂಗಳೂ ಮಗುವನ್ನು ಕಂಡು, ಶಿಕ್ಷಕರ ಅಭಿಪ್ರಾಯ ಪಡೆದು ಪ್ರಮಾಣವನ್ನು ಹೊಂದಿಸಿದ್ದು ಆ ಯಶಸ್ಸಿಗೆ ಮುಖ್ಯ ಕಾರಣಗಳಲ್ಲೊಂದು. ನಮ್ಮ ಗ್ರಾಮಗಳಲ್ಲಿ ಚಿಕಿತ್ಸೆ ಕುಂಠಿತವಾಗುವುದು ಬಹುತೇಕ ಈ ಹಂತದಲ್ಲಿಯೇ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟ, ಮಗು ಸ್ವಲ್ಪ ಸುಧಾರಿಸಿದ ಕೂಡಲೇ ಬರುವ ಉದಾಸೀನ ಇವುಗಳಿಂದ ಎರಡನೆಯ, ಮೂರನೆಯ ಭೇಟಿ ತಪ್ಪಿಹೋಗುತ್ತದೆ.

ಚಿಕಿತ್ಸೆಯಿಂದ ತೊಂದರೆ ಬೇರುಸಹಿತ ಹೋಗುತ್ತದೆಂದು ಯಾರೂ ಭರವಸೆ ಕೊಡಬಾರದು. ಅನೇಕರಲ್ಲಿ ಕೆಲವು ಲಕ್ಷಣಗಳು ದೊಡ್ಡವರಾದ ಮೇಲೂ ಉಳಿಯುತ್ತವೆ. ಆದರೆ ನೆರವು ದೊರೆತ ಮಗು ಓದುತ್ತದೆ, ಗೆಳೆಯರನ್ನು ಗಳಿಸುತ್ತದೆ, ಶಾಲೆಯಲ್ಲಿ ಉಳಿಯುತ್ತದೆ. ನೆರವು ದೊರೆಯದ ಮಗುವಿಗೆ ಶಾಲೆ ಬಿಡುವ, ಅಪಘಾತಕ್ಕೆ ಸಿಲುಕುವ, ಮುಂದೆ ದುಶ್ಚಟಕ್ಕೆ ಬೀಳುವ ಅಪಾಯ ಹೆಚ್ಚು.

6. ಸರ್ಕಾರಿ ವ್ಯವಸ್ಥೆಯಲ್ಲಿರುವ ದಾರಿ

ಗ್ರಾಮ ಮಟ್ಟದಲ್ಲಿ: ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮೊದಲ ಮಾಹಿತಿ ನೀಡಬಲ್ಲರು.

ಶಾಲೆಯಲ್ಲಿ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ಆರೋಗ್ಯ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ಭೇಟಿ ನೀಡಬೇಕೆಂಬ ನಿಯಮವಿದೆ. ಈ ತಂಡ ತಪಾಸಣೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಮತ್ತು ಕಲಿಕಾ ನ್ಯೂನತೆ ಎರಡೂ ಇವೆ. ತಂಡದವರು ಹೆಚ್ಚಿನ ಪರಿಶೀಲನೆಗಾಗಿ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಂದ ತರಗತಿಯ ಹೊಂದಾಣಿಕೆಗೆ ಮಾರ್ಗದರ್ಶನ ಪಡೆಯಬಹುದು.

ತಾಲ್ಲೂಕು ಮತ್ತು ಜಿಲ್ಲೆಯಲ್ಲಿ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಸೇವೆ ಲಭ್ಯವಿದೆ. ಈ ಕಾರ್ಯಕ್ರಮದ ಬೇರು ಕರ್ನಾಟಕದಲ್ಲಿಯೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಯೋಜನೆಗೆ ಮಾದರಿಯಾಯಿತು. ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಸೇವೆಯನ್ನು ರೂಪಿಸಲಾಗಿದೆ. ಪೋಷಕರನ್ನು ಕಳುಹಿಸುವ ಮೊದಲು ವೈದ್ಯರು ಬರುವ ದಿನವನ್ನೂ ಔಷಧದ ಲಭ್ಯತೆಯನ್ನೂ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳಿತು.

ರಾಜ್ಯಮಟ್ಟದಲ್ಲಿ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಸಮೀಪ. ಮಾತು ಮತ್ತು ಶ್ರವಣದ ಸಂದೇಹವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ದೂರವಾಣಿಯಲ್ಲಿ ಉಚಿತ ಸಲಹೆಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಸಂಖ್ಯೆಯಿದೆ. ಇಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

7. ಕಾನೂನು ಹೇಳುವುದೇನು

‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಎಂಬ ಹಳೆಯ ಗಾದೆಗೆ ಈಗ ಕಾನೂನಿನ ಮನ್ನಣೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 16ನೆಯ ಪ್ರಕರಣದ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಪೋಷಕರ ಮೇಲೆ ಒತ್ತಡ ತಂದು ವರ್ಗಾವಣೆ ಪತ್ರ ಪಡೆಯುವಂತೆ ಮಾಡುವುದು ಈ ಪ್ರಕರಣದ ಆಶಯಕ್ಕೆ ವಿರುದ್ಧ. ತನ್ನ ವ್ಯಾಪ್ತಿಯ ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣ ಪೂರೈಕೆಯ ಮೇಲೆ ನಿಗಾ ಇಡುವ ಹೊಣೆಯನ್ನು 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಲಾಗಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಬೌದ್ಧಿಕ ನ್ಯೂನತೆ ಮತ್ತು ಆಟಿಸಂ ಆ ಪಟ್ಟಿಯಲ್ಲಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಅದರಲ್ಲಿಲ್ಲ. ಆದುದರಿಂದ ಪ್ರಮಾಣಪತ್ರ ಮತ್ತು ಮಾಸಾಶನ ಸಿಗುತ್ತದೆಂದು ಪೋಷಕರಿಗೆ ಮುಂಚಿತವಾಗಿಯೇ ಮಾತು ಕೊಡಬಾರದು. ಜೊತೆಯಲ್ಲಿ ಪಟ್ಟಿಯಲ್ಲಿರುವ ನ್ಯೂನತೆ ಇದ್ದರೆ ಅದರ ಆಧಾರದ ಮೇಲೆ ಅರ್ಜಿ ಸಲ್ಲಿಸಬಹುದು.

ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯ್ದೆಯು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ನೀಡಿದೆ. ಗ್ರಾಮಸಭೆಯಲ್ಲಾಗಲೀ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲೀ ಮಗುವಿನ ಹೆಸರು ಬರಬಾರದು.

8. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1) ಬಾಲ ಸ್ವಾಸ್ಥ್ಯ ತಂಡವು ವ್ಯಾಪ್ತಿಯ ಪ್ರತಿ ಶಾಲೆಗೆ ಭೇಟಿ ನೀಡಿದ ದಿನಾಂಕ ಮತ್ತು ಮುಂದಿನ ಕೇಂದ್ರಕ್ಕೆ ಕಳುಹಿಸಲಾದ ಮಕ್ಕಳ ಸಂಖ್ಯೆಯನ್ನು ಸಾಮಾನ್ಯ ಸಭೆಯಲ್ಲಿ ಪರಿಶೀಲಿಸುವುದು. ಹೆಸರುಗಳ ಅಗತ್ಯವಿಲ್ಲ, ಸಂಖ್ಯೆ ಸಾಕು.

2) ಕಳುಹಿಸಲಾದ ಮಕ್ಕಳಲ್ಲಿ ಎಷ್ಟು ಮಂದಿ ನಿಜವಾಗಿ ತಲುಪಿದರು, ಎಷ್ಟು ಮಂದಿ ಎರಡನೆಯ ಭೇಟಿಗೆ ಹೋದರು ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ಗೋಪ್ಯವಾಗಿ ತಿಳಿಯುವುದು.

3) ಹಾಜರಾತಿ ಕುಸಿದ ಮಕ್ಕಳ ಮನೆಗೆ ವಾರ್ಡಿನ ಸದಸ್ಯರು ಮುಖ್ಯೋಪಾಧ್ಯಾಯರೊಂದಿಗೆ ಭೇಟಿ ನೀಡುವುದು.

4) ಶಾಲಾಭಿವೃದ್ಧಿ ಸಮಿತಿಯಲ್ಲಿ ವರ್ಗಾವಣೆ ಪತ್ರದ ಮಾತು ಬಂದಾಗ, ಮೊದಲು ಪರಿಶೀಲನೆ ನಡೆದಿದೆಯೇ ಎಂದು ಕೇಳುವುದು.

5) ಮಕ್ಕಳ ಗ್ರಾಮಸಭೆಯಲ್ಲಿ ಹೊಡೆತ ಮತ್ತು ಅಪಹಾಸ್ಯದ ಬಗ್ಗೆ ಮಕ್ಕಳು ಹೆದರದೆ ಹೇಳುವ ಅವಕಾಶ ಕಲ್ಪಿಸುವುದು.

6) 14416 ಮತ್ತು 1098 ಸಂಖ್ಯೆಗಳನ್ನು ಶಾಲೆ, ಅಂಗನವಾಡಿ ಮತ್ತು ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಬರೆಸುವುದು.

9. ಚರ್ಚೆಗಾಗಿ ಪ್ರಶ್ನೆಗಳು

1) ವ್ಯಾಪ್ತಿಯ ಶಾಲೆಗಳಲ್ಲಿ ಕಳೆದ ಎರಡು ವರ್ಷಗಳಲ್ಲಿ ನಡುವೆಯೇ ವರ್ಗಾವಣೆ ಪತ್ರ ಪಡೆದ ಮಕ್ಕಳು ಎಷ್ಟು? ಅವರು ಈಗ ಎಲ್ಲಿ ಓದುತ್ತಿದ್ದಾರೆ?

2) ಮಗು ಶಾಲೆಯಲ್ಲಿ ಚಂಚಲ, ಮನೆಯಲ್ಲಿ ಶಾಂತ ಎಂದು ತಾಯಿ ಹೇಳಿದರೆ ಯಾವ ಯಾವ ಕಾರಣಗಳನ್ನು ಪರಿಶೀಲಿಸಬೇಕು?

3) ತಾಲ್ಲೂಕು ಆಸ್ಪತ್ರೆಗೆ ಪದೇ ಪದೇ ಹೋಗಲಾಗದ ಕೂಲಿಕಾರ ಕುಟುಂಬಕ್ಕೆ ಪಂಚಾಯತಿಯು ಯಾವ ರೀತಿಯಲ್ಲಿ ನೆರವಾಗಬಹುದು?

4) ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಮಗುವನ್ನು ಗುರುತಿಸುವ ಹೊಣೆ ಯಾರದು?

ಪಾಠದ ಸಾರ

ಚಂಚಲತೆ ಅಪರಾಧವಲ್ಲ. ಅದು ಕಾರಣವನ್ನು ಹುಡುಕಬೇಕಾದ ಒಂದು ಲಕ್ಷಣ. ಕಾರಣ ಎಡಿಎಚ್‌ಡಿ ಆಗಿರಬಹುದು, ಕಾಣದ ಕಣ್ಣು ಅಥವಾ ಕೇಳದ ಕಿವಿ ಆಗಿರಬಹುದು, ಹಸಿದ ಹೊಟ್ಟೆಯೂ ಆಗಿರಬಹುದು. ಅದನ್ನು ಹುಡುಕುವುದು ತಜ್ಞರ ಹೊಣೆ. ಮಗುವನ್ನು ತಜ್ಞರವರೆಗೆ ತಲುಪಿಸುವುದು, ಎರಡನೆಯ ಭೇಟಿ ತಪ್ಪದಂತೆ ನೋಡಿಕೊಳ್ಳುವುದು, ಅಷ್ಟರಲ್ಲಿ ಶಾಲೆಯ ಬಾಗಿಲು ಅದಕ್ಕೆ ಮುಚ್ಚದಂತೆ ಕಾಯುವುದು ಗ್ರಾಮದ ಹೊಣೆ. ಮೂರನೆಯ ತರಗತಿಯ ಆ ಬಾಲಕನೂ ಹಿಂದಿನ ಸಾಲಿನ ಬಾಲಕಿಯೂ ಮುಂದಿನ ಜೂನ್‌ನಲ್ಲಿ ಅದೇ ಶಾಲೆಯ ನಾಲ್ಕನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಇದ್ದಾರೆಯೇ ಎಂಬುದನ್ನು ವಾರ್ಡಿನ ಸದಸ್ಯರು ಸ್ವತಃ ಹೋಗಿ ನೋಡಬೇಕು.